ಮಾದರಿ ಪುಟ

ನವೆಂಬರ್ 14, ಗುರುವಾರ

ಇವತ್ತು ಮಾರ್ಚ್ ಮುಗಿಸಿದೆ. ಏಪ್ರಿಲ್ ಒಂಬತ್ತಕ್ಕೆ ಬಂದು ನಿಂತಿದ್ದೇನೆ. ಕಣ್ಣು ಉರಿ.

ಪಂಪ್‌ಸೆಟ್ ಕಂಪನಿಯ ಡೈರಿ. ಎರಡು ಸಾವಿರ ಕಾಪಿ, ದಿನಕ್ಕೊಂದು ಪುಟ, ಪ್ರತಿ ಪುಟದ ಮೂಲೆಯಲ್ಲಿ ಒಂದು ಪುಟ್ಟ ಪಂಪು. ಈ ಪ್ರೆಸ್ಸಿಗೆ ಡಿಸೈನರ್ ಆಗಿ ಸೇರಿದ ಮೇಲೆ ಇದು ಹನ್ನೊಂದನೆಯದು. ಪ್ರತಿ ವರ್ಷವನ್ನೂ ಅದು ಬರುವ ಮೊದಲೇ ನಾನು ಒಂದು ಸಲ ಪೂರ್ತಿ ದಾಟಿರುತ್ತೇನೆ. ನಿಜವಾಗಿ ಬಂದಾಗ ನನ್ನ ಪಾಲಿಗೆ ಅದು ಹಳಸಲು.

ಮಾಲೀಕರಿಗೆ ಎಲ್ಲವೂ ಅರ್ಜೆಂಟು. ಬೈಂಡಿಂಗ್ ಹೆಂಗಸರು ಅವರಿಗೆ ಇಟ್ಟಿರುವ ಹೆಸರೂ ಅದೇ, ಅರ್ಜೆಂಟು. ಬೆನ್ನ ಹಿಂದೆ ಮಾತ್ರ. "ಡಿಸೆಂಬರ್ ಇಪ್ಪತ್ತಕ್ಕೆ ಡೆಲಿವರಿ, ನೆನಪಿರಲಿ" ಎಂದರು ಇವತ್ತೂ. ಡಿಸೆಂಬರ್ ಇಪ್ಪತ್ತನ್ನು ಮಾಡಬೇಕಾದವಳೇ ನಾನು, ಮರೆಯುವುದು ಹೇಗೆ.

ಮನೆಗೆ ಬಂದಾಗ ಆರು. ನಮ್ಮ ಮನೆಯಲ್ಲಿರುವುದು ಒಂದೇ ಮೇಜು. ಆರರಿಂದ ಏಳು ನನ್ನದು. ಏಳಕ್ಕೆ ಊಟಕ್ಕೆ ತೆರವು. ಆಮೇಲೆ ಅಕ್ಕನ ಉತ್ತರಪತ್ರಿಕೆಗಳು — ಅಕ್ಕ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಇವತ್ತು ಬ್ರಷ್ ಒದ್ದೆಯಾಗುವಷ್ಟರಲ್ಲಿ ತಟ್ಟೆ ಹಿಡಿದು ನಿಂತಳು.

"ಒಂಚೂರು ಸರಿಸು, ಗುಬ್ಬಿ."

ನಲವತ್ತೆರಡು ವರ್ಷದ ಗುಬ್ಬಿ. ಸರಿಸಿದೆ. ಒಂಚೂರು ಅಂದರೆ ಎಲ್ಲವನ್ನೂ ಎತ್ತಿ ಸೋಫಾದ ಕೆಳಗೆ ತಳ್ಳುವುದು.


ನವೆಂಬರ್ 19, ಮಂಗಳವಾರ

ಜುಲೈ. ಮಧ್ಯೆ ಪಂಪ್ ಕಂಪನಿಯ ಮ್ಯಾನೇಜರ್ ಫೋನು. ಈ ಸಲ ಶುರುವಿನಲ್ಲಿ ಹೊಸದೊಂದು ಪುಟ ಬೇಕಂತೆ — 'ಹೊಸ ವರ್ಷದ ನನ್ನ ಗುರಿಗಳು'. ಐದು ಸಾಲು, ಪಕ್ಕದಲ್ಲಿ ಟಿಕ್ ಹಾಕಲು ಚೌಕ. ಡೀಲರುಗಳಿಗೆ ಸ್ಫೂರ್ತಿ ಬರಬೇಕಂತೆ. ಪಂಪು ಮಾರುವವರಿಗೆ ನನ್ನಿಂದ ಸ್ಫೂರ್ತಿ.

ಖಾಲಿ ಗೆರೆ ನೋಡಿದರೆ ಅಳತೆ ಗೊತ್ತಾಗುವುದಿಲ್ಲ. ಸಾಲಿನ ನಡುವೆ ಎಷ್ಟು ಜಾಗ ಬಿಡಬೇಕು, ಜನ ಎಷ್ಟುದ್ದ ಬರೆಯುತ್ತಾರೆ... ಏನಾದರೂ ತುಂಬಿಸಿ ನೋಡಬೇಕು. ಡಮ್ಮಿ. ಯಾವಾಗಲೂ 'ಅಕ್ಷರ ಅಕ್ಷರ ಅಕ್ಷರ' ಎಂದು ಹೊಡೆದು, ಕೊನೆಗೆ ಅಳಿಸುತ್ತೇನೆ. ಇವತ್ತು ಅಕ್ಷರ ಅಕ್ಷರ ಎನ್ನಲೂ ಬೇಜಾರು. ನಿಜವಾದದ್ದನ್ನೇ ಹೊಡೆದೆ. ಅದೂ ನನ್ನ ಕೈಬರಹದ ಫಾಂಟಿನಲ್ಲಿ. ಎರಡು ವರ್ಷದ ಹಿಂದೆ ಅರ್ಜೆಂಟು ನನ್ನ ಕೈಯಲ್ಲಿ ಅಕ್ಷರಮಾಲೆ ಬರೆಸಿ ಫಾಂಟ್ ಮಾಡಿಸಿದ್ದರು. ಕೈಯಲ್ಲಿ ಬರೆದ ಹಾಗೆ ಕಾಣಬೇಕು ಅನ್ನುವ ಗಿರಾಕಿಗಳಿಗೆಲ್ಲ ಈಗ ಅದೇ.

1. ಬೆಳಿಗ್ಗೆ ಐದಕ್ಕೆ ಏಳುವುದು. ಹೋಗಲಿ, ಆರಕ್ಕೆ.
2. ಪುಸ್ತಕ ಮುಗಿಸುವುದು. ಬಾಕಿ ಇಪ್ಪತ್ಮೂರು ಪುಟ
3. ಅಕ್ಕನಿಗೆ ಹೇಳುವುದು.
4. ಬೇರೆ ಮನೆ. ಒಂದೇ ಕೋಣೆ ಆದರೂ ಸಾಕು, ಬಾಗಿಲಿಗೆ ಒಳಗಿನಿಂದ ಚಿಲಕ ಇರಬೇಕು.
5. ಅರ್ಜೆಂಟ್ ಅಂದವರಿಗೆ ಆಗಲ್ಲ ಅನ್ನುವುದು, ವರ್ಷಕ್ಕೆ ಒಂದು ಸಲವಾದರೂ.

ಅಳತೆ ಸರಿ ಬಂತು. ನಾಲ್ಕನೆಯದು ಎರಡು ಸಾಲಿಗೆ ಉಕ್ಕಿತು, ಗೆರೆಗಳನ್ನು ಎರಡು ಪಾಯಿಂಟ್ ಕೆಳಗಿಳಿಸಿದೆ.

ಹೊಸ ವರ್ಷಕ್ಕೆ ಗುರಿ ಬರೆಯುವುದು ನನ್ನ ಹಳೇ ಚಟ. ಎರಡನೆಯದು ಹನ್ನೊಂದು ವರ್ಷದಿಂದ ಕದಲಿಲ್ಲ. ಮಾತಿಲ್ಲದ ಮಕ್ಕಳ ಪುಸ್ತಕ. ಒಂದು ಕಟ್ಟಡದ ಮೆಟ್ಟಿಲು, ಬೆಳಿಗ್ಗೆಯಿಂದ ಸಂಜೆವರೆಗೆ ಯಾರ್ಯಾರು ಹತ್ತುತ್ತಾರೆ, ಇಳಿಯುತ್ತಾರೆ, ಅಷ್ಟೇ. ಮೂವತ್ತೆರಡು ಪುಟದಲ್ಲಿ ಒಂಬತ್ತು ಆಗಿದೆ. ಗುರಿಗಳಲ್ಲಿ ಮೂರನೆಯದು, ನಾಲ್ಕನೆಯದು ಮಾತ್ರ ಈ ವರ್ಷ ಹೊಸದು. ಅಕ್ಕನ ಮನೆಯ ಹಾಲಿನಲ್ಲಿ, ದಿನಕ್ಕೆ ಒಂದು ಗಂಟೆ, ಅದೂ ಅವಳು ಎರಡು ನಿಮಿಷಕ್ಕೊಮ್ಮೆ "ಇದೇನಿದು, ಅಜ್ಜಿನಾ?" ಎಂದು ಬಗ್ಗಿ ನೋಡುವಾಗ, ಈ ಪುಸ್ತಕ ಮುಗಿಯುವುದಿಲ್ಲ. ಇದು ನನಗೆ ಗೊತ್ತು. ಅವಳಿಗೆ ಹೇಳಲು ಬಾಯಿ ಬರುತ್ತಿಲ್ಲ.


ನವೆಂಬರ್ 22, ಶುಕ್ರವಾರ

ಅಕ್ಟೋಬರ್ ಮುಗೀತು. ಕತ್ತು ಹಿಡಿದುಕೊಂಡಿದೆ. ಏನೋ ಒಂದು ಅಳಿಸುವುದಿತ್ತು, ಏನೆಂದು ನೆನಪಾಗುತ್ತಿಲ್ಲ.


ಡಿಸೆಂಬರ್ 3, ಮಂಗಳವಾರ

ಫೈಲು ಪ್ರಿಂಟಿಗೆ ಹೋಯಿತು. ಪ್ರೂಫ್ ನೋಡುವ ಮೇಷ್ಟ್ರು ನಾನೂರು ಪುಟವನ್ನೂ ಕೆಂಪು ಪೆನ್ನು ಹಿಡಿದು ಓದಿ ಕೊಟ್ಟರು. ಪಂಪ್ ಮ್ಯಾನೇಜರ್ ಓದದೆಯೇ ಎಲ್ಲದಕ್ಕೂ ಸಹಿ ಹಾಕಿದ. ನಾನೂ ಹಾಕಿದೆ. ಅರ್ಜೆಂಟು ಬಾಗಿಲಲ್ಲೇ ನಿಂತಿದ್ದರು, ವಾಚು ನೋಡುತ್ತಾ.

ಮನೆಯಲ್ಲಿ ಹತ್ತನೇ ಪುಟ. ಎರಡನೇ ಮಹಡಿಯ ತಿರುವು, ಮಧ್ಯಾಹ್ನದ ಬಿಸಿಲು. ಬಿಸಿಲು ಬರುತ್ತಿಲ್ಲ. ಕಾಗದ ಹರಿದೆ. ಅಕ್ಕ ತುಂಡುಗಳನ್ನು ಹೆಕ್ಕಿ, ಹಿಂಭಾಗದಲ್ಲಿ ಲೆಕ್ಕ ಮಾಡಲು ಆಗುತ್ತದೆಂದು ಎತ್ತಿಟ್ಟುಕೊಂಡಳು. ಸಿಟ್ಟು ಬಂತು. ಸಿಟ್ಟು ಬಂದದ್ದಕ್ಕೆ ನಾಚಿಕೆಯೂ ಆಯಿತು.


ಡಿಸೆಂಬರ್ 19, ಗುರುವಾರ

ಡೈರಿ ಬಂತು. ನೀಲಿ ರಟ್ಟು, ಬೆಳ್ಳಿ ಅಕ್ಷರ. ಹೊಸ ಅಂಟಿನ ವಾಸನೆ ತಡೆಯಲಾಗದೆ ತೆರೆದೂ ನೋಡಲಿಲ್ಲ.

ಪ್ರತಿ ವರ್ಷದಂತೆ ಅಕ್ಕನಿಗೆ ಹನ್ನೆರಡು. ಸ್ಟಾಫ್ ರೂಮಿನಲ್ಲಿ ಹಂಚುತ್ತಾಳೆ. "ನನ್ನ ತಂಗಿ ಮಾಡಿದ್ದು" ಎಂದು ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಹೇಳುತ್ತಾಳಂತೆ. ಎರಡು ಚೀಲದಲ್ಲಿ ಹಾಕಿ, ಬೆನ್ನು ನೋವಿದ್ದರೂ, ಬಾಗಿಲ ಪಕ್ಕ ತಂದು ಇಟ್ಟುಕೊಂಡು ಮಲಗಿದ್ದಾಳೆ.


ಡಿಸೆಂಬರ್ 20, ಶುಕ್ರವಾರ, ಬೆಳಿಗ್ಗೆ 11.40

ಟಾಯ್ಲೆಟ್ಟಿನಲ್ಲಿ ಕೂತು ಬರೆಯುತ್ತಿದ್ದೇನೆ.

ಬೈಂಡಿಂಗಿನ ಹೆಂಗಸು ಒಂದು ಡೈರಿ ಹಿಡಿದು ಬಂದಳು. "ಮೇಡಂ, ಇದು ನಿಮ್ಮ ಅಕ್ಷರ ಅಲ್ವಾ? ಚಿಲಕ ಯಾವ ಬಾಗಿಲಿಗೆ?"

ಕಸಿದುಕೊಂಡು ನೋಡಿದೆ. ಐದೂ ಇವೆ. ತಿಳಿ ಬೂದು ಬಣ್ಣದಲ್ಲಿ, ನನ್ನ ಕೈಬರಹದಲ್ಲಿ, ಎರಡು ಸಾವಿರ ಕಾಪಿಯಲ್ಲಿ.

ಮೇಷ್ಟ್ರ ಹತ್ತಿರ ಓಡಿದೆ. "ಓದಿದೆನಮ್ಮ" ಎಂದರು ಶಾಂತವಾಗಿ. "ತಪ್ಪಿರಲಿಲ್ಲ. ಇಪ್ಪತ್ಮೂರು ಪುಟ ಆದಮೇಲೆ ಒಂದು ಚುಕ್ಕಿ ಬಿಟ್ಟುಹೋಗಿತ್ತು, ಹಾಕಿಸಿದೆ."

"ಡಮ್ಮಿ ಅಂತ ಅನ್ನಿಸಲಿಲ್ವಾ ಮೇಷ್ಟ್ರೇ?"

"ಡಮ್ಮಿ ಅಂದ್ರೆ ಅಕ್ಷರ ಅಕ್ಷರ ಅಂತ ಇರುತ್ತೆ. ಇದಕ್ಕೆ ಅರ್ಥ ಇತ್ತಲ್ಲ."

ಅಕ್ಕನಿಗೆ ಏಳು ಸಲ ಫೋನ್ ಮಾಡಿದೆ. ಎತ್ತುತ್ತಿಲ್ಲ. ಪಾಠದಲ್ಲಿರಬೇಕು. ಪಾಠದಲ್ಲೇ ಇರಲಿ.


ಅದೇ ದಿನ, ಸಂಜೆ 7

ಅಕ್ಕ ಅಡುಗೆಮನೆಯಲ್ಲಿದ್ದಳು. ಬೆನ್ನು ಈ ಕಡೆ.

"ಹನ್ನೆರಡೂ ಕೊಟ್ಟೆ" ಎಂದಳು. ಅಷ್ಟೇ. ಊಟ ಬಡಿಸಿದಳು. ಮೇಜಿನ ಮೇಲೆ ನನ್ನ ಬಣ್ಣದ ಬಟ್ಟಲುಗಳಿದ್ದವು. ಸರಿಸು ಅನ್ನಲಿಲ್ಲ. ತನ್ನ ತಟ್ಟೆ ತೆಗೆದುಕೊಂಡು ಹೋಗಿ ರೂಮಿನಲ್ಲಿ ಉಂಡಳು.


ಡಿಸೆಂಬರ್ 24, ಮಂಗಳವಾರ

ನಾಲ್ಕು ದಿನ ಬರೆದಿಲ್ಲ. ಬರೆಯುವಂಥದ್ದು ಏನಾದರೂ ಇದ್ದರೆ ತಾನೆ.

ಅರ್ಜೆಂಟು ಉಗಿದು ಉಪ್ಪಿನಕಾಯಿ ಹಾಕಿದರು. ಐದನೆಯದರ ಮೇಲೆ ಬೆರಳಿಟ್ಟು "ಇದು ನನಗೆ ತಾನೇ?" ಎಂದರು. ಮ್ಯಾನೇಜರ್ ಸಹಿ ಇದೆ, ಮೇಷ್ಟ್ರ ಸಹಿ ಇದೆ, ನನ್ನದೂ ಇದೆ. ಹಾಗಾಗಿ ಕೆಲಸ ಉಳಿಯಿತು. ಶಿಕ್ಷೆ ಬೇರೆ. ಏಳು ನೂರು ಚಿಲ್ಲರೆ ಡೈರಿ ಆಗಲೇ ಡೀಲರುಗಳಿಗೆ ಹೋಗಿಬಿಟ್ಟಿವೆ, ಅವುಗಳಿಗೇನೂ ಮಾಡುವ ಹಾಗಿಲ್ಲ. ಉಳಿದ ಸಾವಿರದ ಇನ್ನೂರಕ್ಕೆ ಸ್ಟಿಕರ್. ಬಿಳೀ ಹಾಳೆ, ಐದು ಖಾಲಿ ಗೆರೆ. ಅಂಟಿಸುವವಳು ನಾನೇ.

ಒಂದೊಂದು ಡೈರಿ ತೆರೆ, ನನ್ನ ಗುರಿಗಳ ಮೇಲೆ ಸ್ಟಿಕರ್ ಇಡು, ಬಟ್ಟೆಯಿಂದ ಒತ್ತು, ಮುಚ್ಚು. ಗಂಟೆಗೆ ಐವತ್ತು. ಮೊದಲ ಐವತ್ತರಲ್ಲಿ ಓದಿ ಓದಿ ನಾಚಿಕೆಯಾಗುತ್ತಿತ್ತು. ಇನ್ನೂರರ ಹೊತ್ತಿಗೆ ಯಾರದೋ ಬರಹ ಅನ್ನಿಸಿತು. ನಾನೂರರ ಹೊತ್ತಿಗೆ ಸಿಟ್ಟು — ಯಾರು ಇವಳು, ಬೆಳಿಗ್ಗೆ ಆರಕ್ಕೆ ಏಳಲೂ ಆಗದವಳು.

ಅಕ್ಕ ಮಾತು ಬಿಟ್ಟಿದ್ದಾಳೆ. ಕಾಫಿ ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತದೆ. ಅದು ಇನ್ನೂ ಕಷ್ಟ.


ಡಿಸೆಂಬರ್ 27, ಶುಕ್ರವಾರ

ಇವತ್ತು ಒಡೆಯಿತು.

ಸೋಪಿನಲ್ಲಿ ಬೆರಳುಜ್ಜುತ್ತಿದ್ದೆ, ಅಂಟು ಹೋಗುತ್ತಿರಲಿಲ್ಲ. ಅಕ್ಕ ಬಚ್ಚಲ ಬಾಗಿಲಲ್ಲಿ ನಿಂತಳು.

"ಡ್ರಾಯಿಂಗ್ ಮೇಡಂ ಮೊದಲು ಓದಿದ್ದು. ಗಟ್ಟಿಯಾಗಿ. ಮೂರನೇದಕ್ಕೆ ಬಂದಾಗ ಎಲ್ಲರೂ ನನ್ನ ಮುಖ ನೋಡಿದ್ರು. ನಾನು ನಕ್ಕೆ. ಅಯ್ಯೋ, ಅದು ಕಂಪನಿಯವರು ಕೊಟ್ಟಿರೋ ಮಾದರಿ, ನನ್ನ ತಂಗಿ ಹಾಗೆಲ್ಲ ಬರೆಯೋಳಲ್ಲ ಅಂದೆ."

"ಅಕ್ಕಾ..."

"ಎರಡು ಸಾವಿರ ಜನಕ್ಕೆ ಹೇಳಿದೀಯ. ನನಗೊಬ್ಬಳಿಗೆ ಹೇಳೋಕೆ ಆಗಲಿಲ್ವಾ?"

"ಹೇಳಬೇಕು ಅಂತಾನೇ ಬರ್ಕೊಂಡಿದ್ದು. ಮೂರನೇದು."

"ಮೂರನೇದು. ಬೇಗ ಏಳೋದು ಒಂದನೇದು."

ನನಗೆ ಹದಿಮೂರಾಗಿದ್ದಾಗ ಅಮ್ಮ ಹೋದಳು. ಅಕ್ಕನಿಗೆ ಆಗ ಇಪ್ಪತ್ತಮೂರು. ಬಂದ ಸಂಬಂಧಗಳನ್ನೆಲ್ಲ ನನ್ನ ಹೆಸರು ಹೇಳಿ ವಾಪಸ್ ಕಳಿಸಿದಳು. ಜಡೆ ಹೆಣೆದದ್ದು, ಫೀಸು ಕಟ್ಟಿದ್ದು, ಚಿತ್ರಕಲೆ ಓದುತ್ತೇನೆ ಅಂದಾಗ ಚಿಕ್ಕಪ್ಪಂದಿರ ಬಾಯಿ ಮುಚ್ಚಿಸಿದ್ದು ಅವಳೇ. ಅಂಥವಳಿಗೆ ನಿನ್ನ ಮನೆಯಲ್ಲಿ ನನಗೆ ಉಸಿರು ಕಟ್ಟುತ್ತದೆ ಅನ್ನಬೇಕು. ಯಾವ ಬಾಯಲ್ಲಿ?

"ನಾನೇನು ಮಾಡಿದೆ ನಿನಗೆ?" ಎಂದು ಕೇಳಿದಳು. ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು ಆಚೆ ಬಂದೆ. ಹೇಡಿ ನಾನು.


ಜನವರಿ 1, ಬುಧವಾರ

ಸ್ಟಿಕರ್ ಮುಗಿದವು. ಹೊಸ ವರ್ಷದ ಮೊದಲ ದಿನ ಮುಗಿಸಿದ ಕೆಲಸ ಅದು.

ಮನೆಗೆ ಬಂದರೆ ಬಡಗಿ ಬಂದು ಹೋಗಿದ್ದ. ಅಕ್ಕ ರಜೆ ಹಾಕಿದ್ದಾಳೆ. ತನ್ನ ರೂಮು ಖಾಲಿ ಮಾಡಿ, ನನ್ನ ಬಟ್ಟೆ, ಬಣ್ಣ, ಬೋರ್ಡು, ಸೋಫಾದ ಕೆಳಗಿನ ಕಟ್ಟು ಎಲ್ಲವನ್ನೂ ಒಳಗೆ ಜೋಡಿಸಿದ್ದಾಳೆ. ಎಲ್ಲಿಂದಲೋ ಹಳೇ ಮೇಜೊಂದನ್ನು ತರಿಸಿ ಕಿಟಕಿ ಪಕ್ಕ ಹಾಕಿಸಿದ್ದಾಳೆ. ಅವಳ ಹಾಸಿಗೆ ಈಗ ಹಾಲಿನಲ್ಲಿ, ನಾನು ಮಲಗುತ್ತಿದ್ದ ದಿವಾನ್ ಮೇಲೆ. ಬಾಗಿಲಿಗೆ ಒಳಗಿನಿಂದ ಚಿಲಕ. ಹೊಚ್ಚ ಹೊಸದು, ಹಿತ್ತಾಳೆಯದು.

"ಇದೇ ತಾನೆ ಬೇಕಿತ್ತು" ಎಂದಳು. ಹನ್ನೆರಡು ದಿನದ ಮೇಲೆ ಅವಳ ಮುಖದಲ್ಲಿ ನಗು. "ಹಾಕಿ ನೋಡು, ಸಲೀಸಾಗಿ ಬೀಳುತ್ತೆ."

ಹಾಕಿ ನೋಡಿದೆ. ಸಲೀಸಾಗಿ ಬಿತ್ತು. ಒಳಗೆ ನಿಂತು ಅತ್ತುಬಿಟ್ಟೆ, ಸದ್ದಿಲ್ಲದೆ. ಆಚೆ ಅವಳು ಕೇಳುತ್ತಿದ್ದಳು, "ಹೇಗಿದೆ, ಗುಬ್ಬಿ?" "ಚೆನ್ನಾಗಿದೆ" ಅಂದೆ.


ಜನವರಿ 9, ಗುರುವಾರ

ಒಂಬತ್ತು ದಿನ. ಒಂದು ಗೆರೆ ಎಳೆದಿಲ್ಲ.

ಒಳಗೆ ಎಲ್ಲ ಇದೆ. ಮೇಜು, ದೀಪ, ಚಿಲಕ. ಆಚೆ ಅಕ್ಕ. ಟಿವಿಯ ಸದ್ದು ಪೂರ್ತಿ ಕಡಿಮೆ ಮಾಡಿ ಬರೀ ಬೊಂಬೆ ನೋಡುತ್ತಾಳೆ. ಕೆಮ್ಮು ಬಂದರೆ ಸೆರಗು ಅಡ್ಡ ಹಿಡಿಯುತ್ತಾಳೆ. ದಿವಾನ್ ಮೇಲೆ ಮಗ್ಗುಲು ಬದಲಿಸುವಾಗ ಬೆನ್ನು ನೋವಿಗೆ ಸಣ್ಣಗೆ "ಹಾ" ಅನ್ನುವುದು ಕೇಳಿಸುತ್ತದೆ. ಮೊದಲೆಲ್ಲ ಮಾತಾಡಿ ತಲೆ ತಿನ್ನುತ್ತಿದ್ದಳು. ಈಗ ಮಾತಾಡದೆ ತಿನ್ನುತ್ತಿದ್ದಾಳೆ.

ಹದಿಮೂರು ವರ್ಷದ ಹಿಂದಿನದೆಲ್ಲ ನೆನಪಾಗುತ್ತಿದೆ. ಬೇರೆ ಊರಿನ ಮಕ್ಕಳ ಪುಸ್ತಕದ ಪ್ರಕಾಶನದಿಂದ ಕೆಲಸಕ್ಕೆ ಕರೆ ಬಂದಿತ್ತು. ಪೂರ್ತಿ ಚಿತ್ರದ್ದೇ ಕೆಲಸ. ಟಿಕೆಟ್ ತೆಗೆದಾಗಿತ್ತು. ಹೊರಡುವ ಹಿಂದಿನ ದಿನ ಅಕ್ಕನಿಗೆ ಜ್ವರ, ನೂರಾ ಎರಡು. ಹತ್ತು ದಿನ ಏಳಲಿಲ್ಲ. ಬರಲಾಗುವುದಿಲ್ಲ ಎಂದು ಬರೆದು ಹಾಕಿದೆ. ಅದಕ್ಕೆ ಅವಳನ್ನು ಒಂದು ದಿನವೂ ದೂರಲಿಲ್ಲ. ಜ್ವರವನ್ನು ದೂರಿದ್ದೇನೆ, ಬೇಕಾದಷ್ಟು.


ಜನವರಿ 16, ಗುರುವಾರ

ಪಂಪ್ ಮ್ಯಾನೇಜರ್ ಫೋನು. ಬೈಯಲು ಅಂದುಕೊಂಡೆ. ಅಲ್ಲ. ಸ್ಟಿಕರ್ ಇಲ್ಲದೆ ಹೋದ ಏಳು ನೂರರಲ್ಲಿ ಒಂದು ಯಾವುದೋ ಡೀಲರ್ ಮನೆಯಲ್ಲಿದೆ. ಅವನ ಹೆಂಡತಿ ದಿನಾ ಅವನ ಜೀವ ತಿನ್ನುತ್ತಿದ್ದಾಳಂತೆ.

"ಆಯಮ್ಮ ಅಕ್ಕನಿಗೆ ಹೇಳಿದ್ಲಾ ಇಲ್ವಾ ಅಂತ ಕೇಳ್ತಾ ಇದಾರೆ ಮೇಡಂ. ನಾನೇನು ಹೇಳ್ಲಿ?"

"ಇನ್ನೂ ಇಲ್ಲ ಅಂತ ಹೇಳಿ" ಅಂದೆ.

"ಅಯ್ಯೋ, ಬೇಗ ಹೇಳಿಬಿಡಿ ಮೇಡಂ. ನಮಗೂ ಒಂದು ತಲೆನೋವು ಕಮ್ಮಿ ಆಗುತ್ತೆ."

ಫೋನಿಟ್ಟು ನಕ್ಕೆ. ಎಷ್ಟೋ ದಿನದ ಮೇಲೆ. ಎಲ್ಲೋ ಒಬ್ಬ ಹೆಂಗಸು ನನ್ನ ಮೂರನೇ ಸಾಲಿಗೆ ಕಾಯುತ್ತಿದ್ದಾಳೆ.


ಜನವರಿ 18, ಶನಿವಾರ

ಹೇಳಿದೆ.

ಊಟ ಆಗಿತ್ತು. ಅಕ್ಕ ಹಾಲಿನ ಮೇಜಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಎದುರಿನ ಕುರ್ಚಿ ಎಳೆದುಕೊಂಡು ಕೂತೆ.

"ಅಕ್ಕಾ, ರೂಮು ವಾಪಸ್ ತಗೋ. ನಾನು ಬೇರೆ ಮನೆ ನೋಡ್ಕೋತೀನಿ."

ಪೆನ್ನಿಗೆ ಮುಚ್ಚಳ ಹಾಕಿದಳು. "ಅಲ್ಲೇನು ಕಮ್ಮಿ ಆಯ್ತು?"

"ಏನೂ ಕಮ್ಮಿ ಇಲ್ಲ. ನೀನು ಆಚೆ ಕೆಮ್ಮು ಕೂಡ ತಡ್ಕೊಂಡು ಕೂತಿರ್ತೀಯ. ನನಗೆ ಅದೇ ಕೇಳಿಸುತ್ತೆ. ಕೈ ಓಡಲ್ಲ."

"ಮಾತಾಡಿದ್ರೂ ತಪ್ಪು, ಸುಮ್ಮನಿದ್ರೂ ತಪ್ಪು. ನಾನು ಎಲ್ಲಿಗೆ ಹೋಗ್ಲಿ ಹೇಳು."

"ನೀನಲ್ಲ. ನಾನು ಹೋಗೋದು. ದೂರ ಅಲ್ಲ, ಬಸ್ಸಲ್ಲಿ ಅರ್ಧ ಗಂಟೆ. ಭಾನುವಾರ ಬರ್ತೀನಿ. ನಾನು ಈ ಪುಸ್ತಕ ಮುಗಿಸಬೇಕು, ಅಕ್ಕಾ. ಇಲ್ಲಾಂದ್ರೆ ಪಂಪಿನ ಚಿತ್ರ ಬರೀತಾ ಬರೀತಾನೇ ಸತ್ತುಹೋಗ್ತೀನಿ."

ಅಂತೂ ಬಂತು ಬಾಯಿಗೆ. ಅಕ್ಕ ಬಹಳ ಹೊತ್ತು ಪತ್ರಿಕೆಗಳ ಅಂಚು ಸರಿ ಮಾಡುತ್ತಿದ್ದಳು. ಅಂಚು ಸರಿಯಾಗಿಯೇ ಇತ್ತು.

"ನನಗೆ ಭಯ ಆಗುತ್ತೆ ಕಣೇ."

"ಯಾರ ಭಯ?"

"ಯಾರದೂ ಅಲ್ಲ. ಖಾಲಿ ಮನೆ ಭಯ. ಅಮ್ಮ ಹೋದ ದಿನ ನಿನ್ನ ಪಕ್ಕ ಮಲಗಿದ್ದೆ. ಎಲ್ಲರೂ ನೋಡಿ ಎಷ್ಟು ಗಟ್ಟಿಗಿತ್ತಿ, ತಂಗೀನ ಅಪ್ಪಿಕೊಂಡು ಮಲಗಿದಾಳೆ ಅಂದ್ರು. ನೀನು ಗೊರಕೆ ಹೊಡೀತಿದ್ದೆ. ನಿದ್ದೆ ಇಲ್ಲದೆ ನಡುಗ್ತಾ ಇದ್ದವಳು ನಾನು. ಅವತ್ತಿಂದ ಒಂದು ರಾತ್ರಿನೂ ಖಾಲಿ ಮನೇಲಿ ಒಬ್ಬಳೇ ಮಲಗಿಲ್ಲ. ನೀನು ಟ್ರೈನಿಂಗು ಅಂತ ಮೂರು ದಿನ ಹೋದಾಗ ನಲ್ಲಿ ಕೆಟ್ಟಿದೆ ಅಂತ ಸುಳ್ಳು ಹೇಳಿ ಡ್ರಾಯಿಂಗ್ ಮೇಡಂ ಮನೇಲಿ ಮಲಗಿದ್ದೆ."

ನನಗೆ ಗೊತ್ತೇ ಇರಲಿಲ್ಲ. ಇಪ್ಪತ್ತೊಂಬತ್ತು ವರ್ಷ ಒಂದೇ ಮನೆಯಲ್ಲಿದ್ದೂ. ಅವಳು ನನ್ನನ್ನು ಕಾಯುತ್ತಿದ್ದಾಳೆ ಎಂದೇ ತಿಳಿದುಕೊಂಡಿದ್ದೆ. ಎದ್ದು ಹೋಗಿ ಅವಳ ಕೈ ಹಿಡಿದುಕೊಂಡೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ ಅವಳು.

"ಇನ್ನೊಂದು ಹೇಳ್ತೀನಿ. ಆಮೇಲೆ ಬೈಯ್ಯೋದಿದ್ರೆ ಬೈ. ಆ ಮಕ್ಕಳ ಪುಸ್ತಕದವರ ಕೆಲಸ ಬಂದಿತ್ತಲ್ಲ ನಿನಗೆ. ಆಗ ಜ್ವರ ಬಂದಿತ್ತಲ್ಲ ನನಗೆ."

"ಹೂಂ."

"ಬಂದಿರಲಿಲ್ಲ."

ಕೈ ಬಿಟ್ಟೆ. ಥರ್ಮಾಮೀಟರನ್ನು ಬಿಸಿ ಕಾಫಿ ಲೋಟಕ್ಕೆ ತಾಗಿಸಿದಳಂತೆ. ಒಂದೇ ದಿನ ಅಂತ ಶುರು ಮಾಡಿದ್ದಂತೆ. ನಾನು ಪಕ್ಕದಲ್ಲೇ ಕೂತು ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದೆನಲ್ಲ, ಆಮೇಲೆ ಹೇಳಲು ಬಾಯಿ ಬರಲಿಲ್ಲವಂತೆ.

ನಾನೂ ಅದೇ ಮಾತು ಬರೆದಿದ್ದೇನೆ, ಈ ಡೈರಿಯಲ್ಲೇ. ಆದರೆ ನಾನು ಯಾರ ಬದುಕನ್ನೂ ತಡೆದಿರಲಿಲ್ಲ. ಹದಿಮೂರು ವರ್ಷ, ಅಕ್ಕಾ. ಹನ್ನೊಂದು ಡೈರಿ.

ಬೈಯಲಿಲ್ಲ. ಬಾಗಿಲು ತೆಗೆದು ಮೆಟ್ಟಿಲ ಮೇಲೆ ಹೋಗಿ ಕೂತೆ, ಕಾಲು ಮರಗಟ್ಟುವವರೆಗೆ.


ಜನವರಿ 27, ಸೋಮವಾರ

ಈ ಸಲ ಮಾತು ಬಿಟ್ಟವಳು ನಾನು.

ಅರ್ಜೆಂಟು ಕ್ಯಾಲೆಂಡರ್ ಕೆಲಸ ತಂದು "ಇವತ್ತೇ ಬೇಕು" ಎಂದರು. "ಆಗಲ್ಲ" ಅಂದೆ. ಕಣ್ಣು ಕಣ್ಣು ಬಿಟ್ಟರು. "ನಾಳೆ?" ಎಂದರು. ಐದನೆಯದು ಆಯಿತು, ಜನವರಿಯಲ್ಲೇ. ಖುಷಿಯೇನೂ ಆಗಲಿಲ್ಲ. ಮನೆ ನೋಡಲು ಹೋಗುವುದಿತ್ತು, ಅಷ್ಟೇ.

ಸಿಕ್ಕಿತು. ಬೈಂಡಿಂಗಿನವಳ ನಾದಿನಿಯ ಮನೆಯ ಮೇಲಿನ ಕೋಣೆ. ಒಂದು ಕಿಟಕಿ, ಒಂದು ಹಳೇ ಮೇಜು, ಒಂದು ಸಿಂಕು, ಗೋಡೆಯ ಮೇಲೆ ಹಿಂದಿನವರ ಮಗು ಗೀಚಿದ ಗೀಟುಗಳು. ಸುಣ್ಣ ಹೊಡೆಸಿ ಕೊಡುತ್ತೇವೆ ಅಂದರು, ಬೇಡ ಅಂದೆ.

ಅಕ್ಕನಿಗೆ ಹೇಳಿದ್ದು ಒಂದೇ ವಾಕ್ಯ. "ಎರಡನೇ ತಾರೀಕು ಹೋಗ್ತೀನಿ." ತಲೆಯಾಡಿಸಿದಳು. ಪಾಪ ಅನ್ನಿಸಿತು. ಅನ್ನಿಸಿದ್ದಕ್ಕೆ ನನ್ನ ಮೇಲೇ ರೇಗಿತು. ಮನಸ್ಸಿಗೆ ಸುಸ್ತಾಗಿದೆ. ಸಿಟ್ಟು ಮಾಡುವುದಕ್ಕೂ ಒಂದು ಶಕ್ತಿ ಬೇಕು.


ಫೆಬ್ರವರಿ 2, ಭಾನುವಾರ, ಮಧ್ಯಾಹ್ನ

ಬ್ಯಾಗು ಎರಡು, ಡಬ್ಬ ಆರು, ಬೋರ್ಡು. ಒಂದೇ ಆಟೋದಲ್ಲಿ ಮುಗಿಯಿತು ನಲವತ್ತೆರಡು ವರ್ಷ.

ಅಕ್ಕ ಕೆಳಗಿಳಿದು ಬರಲಿಲ್ಲ. ಎಲ್ಲ ಕಟ್ಟಿ ಕೊಟ್ಟವಳು ಅವಳೇ; ಬ್ರಷ್ಷುಗಳನ್ನು ಒಂದೊಂದಾಗಿ ಕಾಗದದಲ್ಲಿ ಸುತ್ತಿದ್ದಳು. ಬಾಗಿಲಲ್ಲಿ ನಿಂತು "ಇವತ್ತು ಡ್ರಾಯಿಂಗ್ ಮೇಡಂ ಮನೆಗೆ ಹೋಗಲ್ಲ ನಾನು" ಎಂದಳು. "ಇಲ್ಲೇ ಇರ್ತೀನಿ."

"ಸರಿ" ಅಂದೆ. ಇನ್ನೇನಾದರೂ ಹೇಳಬೇಕಿತ್ತು. ಆಟೋದವನು ಹಾರನ್ ಹೊಡೆಯುತ್ತಿದ್ದ.


ಅದೇ ದಿನ, ಸಂಜೆ 7.50

ಎರಡು ಸಲ ಫೋನು ಬಂತು. ಎತ್ತಲಿಲ್ಲ. ಮೂರನೆಯ ಸಲ ಎತ್ತಿದೆ.

"ಏನು?"

"ಏನಿಲ್ಲ."

"ಬಾಗಿಲು ಹಾಕಿದೀಯಾ?"

"ನಾಲ್ಕು ಸಲ ನೋಡಿ ಬಂದೆ." ಕುರ್ಚಿ ಎಳೆದುಕೊಂಡ ಸದ್ದು. "ನೀನು ಮಾತಾಡೋದು ಬೇಡ. ಸಿಟ್ಟಿದ್ರೆ ಇರ್ಲಿ. ಫೋನು ಮಾತ್ರ ಕಟ್ ಮಾಡ್ಬೇಡ. ನಾನು ಪೇಪರ್ ತಿದ್ದುತೀನಿ. ನೀನು ನಿನ್ನ ಕೆಲಸ ಮಾಡು."

ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ, ಬಣ್ಣದ ಬಟ್ಟಲುಗಳ ಪಕ್ಕ. ಆ ಕಡೆ ಪೆನ್ನು ಓಡುವ ಸದ್ದು. ಹಾಳೆ ಮಗುಚುವ ಸದ್ದು. ಒಂದು ಸಲ "ಕತ್ತೆ" ಎಂದಳು, ಯಾವನೋ ಸೊನ್ನೆ ಬಿಟ್ಟಿರಬೇಕು. ಬೋರ್ಡು ತೆಗೆದೆ.


8.45

ಹತ್ತನೇ ಪುಟ ಒಣಗುತ್ತಿದೆ. ಬಿಸಿಲು ಬಂದಿದೆ, ಎರಡನೇ ಮಹಡಿಯ ತಿರುವಿಗೆ. ಚೆನ್ನಾಗಿದೆಯೋ ಇಲ್ಲವೋ ಬೆಳಿಗ್ಗೆ ನೋಡಬೇಕು. ಇನ್ನು ಇಪ್ಪತ್ತೆರಡು.

ಸಿಟ್ಟು ಹೋಗಿಲ್ಲ. ಬರೆದಿಟ್ಟಿರುತ್ತೇನೆ, ನಾಳೆ ನಾನೇ ಸುಳ್ಳು ಹೇಳಿಕೊಳ್ಳಬಾರದು.

ಪೆನ್ನಿನ ಸದ್ದು ನಿಂತು ಹತ್ತು ನಿಮಿಷವಾಯಿತು. ಈಗ ಬರೀ ಉಸಿರು. ಉದ್ದ, ನಿಧಾನ. ನಿದ್ದೆ ಹೋಗಿದ್ದಾಳೆ. ಖಾಲಿ ಮನೆಯಲ್ಲಿ, ದೀಪ ಉರಿಸಿಕೊಂಡು, ಕುರ್ಚಿಯಲ್ಲೇ ಇರಬೇಕು. ಬೆನ್ನು ಹಿಡಿದುಕೊಳ್ಳುತ್ತದೆ. ಎಬ್ಬಿಸಿ ಹಾಸಿಗೆಗೆ ಹೋಗು ಅನ್ನಬೇಕು. ಎಬ್ಬಿಸಿದರೆ ಒಬ್ಬಳೇ ಇರುವುದು ಗೊತ್ತಾಗುತ್ತದೆ...

ಬ್ಯಾಟರಿ ನಾಲ್ಕು ಪರ್ಸೆಂಟ್. ಚಾರ್ಜರ್ ಆರು ಡಬ್ಬದಲ್ಲಿ ಯಾವುದರಲ್ಲೋ. ಫೋನು ಸತ್ತು ಕಾಲ್ ಕಟ್ಟಾದರೆ ಆ ಸದ್ದಿಗೇ ಅವಳಿಗೆ ಎಚ್ಚರವಾಗಿಬಿಡಬಹುದು. ಮೊದಲು ಅದನ್ನು ಹುಡುಕಿ —